ಉಸಿರಿನ ಜಾಗ

ಎರಡನೇ ಸಾಲಿಗೇ ಹಿರಿಯ ಕೊಳಲುಗಾರನಿಗೆ ಉಸಿರು ಸಾಲದೆ ಹೋಯಿತು. "ಪರವಾಗಿಲ್ಲ ಸರ್, ಇನ್ನೊಂದು ಸಲ ನುಡಿಸಿ. ಜನ ವೋಟು ಹಾಕಿರೋದೇ ನಿಮ್ಮ ಈ ತುಣುಕಿಗೆ," ಎಂದಳು ಗಾಜಿನಾಚೆಯಿಂದ ರೆಕಾರ್ಡಿಂಗ್ ಎಂಜಿನಿಯರ್. ಹಳೆಯ ಸಿನಿಮಾ ಸಂಗೀತಗಳಲ್ಲಿ ಯಾವುದನ್ನು ಹೊಸದಾಗಿ ಮುದ್ರಿಸೋಣವೆಂದು ಅಭಿಮಾನಿಗಳನ್ನು ಕೇಳಿದಾಗ ಇದೇ ಗೆದ್ದಿತ್ತು.

ಅವನ ಕಿವಿ ಬಿಸಿಯಾಯಿತು. ಮೊದಲ ಸಲ ಮುದ್ರಣವಾದ ದಿನ ಅವನು ಜ್ವರದಿಂದ ಮಲಗಿದ್ದ. ನುಡಿಸಿದ್ದು ಅವನ ಷಡ್ಡಕ. ಆದರೂ ಮೂವತ್ತು ವರ್ಷ ಸಂದರ್ಶನಗಳಲ್ಲೆಲ್ಲ ಅದು ತನ್ನದೇ ಎಂದು ಹಿರಿಯ ಕೊಳಲುಗಾರ ಕೊಚ್ಚಿಕೊಂಡಿದ್ದ. ಷಡ್ಡಕ ಒಮ್ಮೆಯೂ ತುಟಿ ಬಿಚ್ಚಿರಲಿಲ್ಲ.

ಈಗ ಪಕ್ಕದ ಕುರ್ಚಿಯಿಂದ ಬಾಗಿದ ಷಡ್ಡಕ, ಅವನ ಸ್ವರದ ಹಾಳೆಯ ಮೇಲೆ ಪೆನ್ಸಿಲಿನಿಂದ ಸಣ್ಣ ಗೀಟೆಳೆದ. "ಇಲ್ಲಿ ಉಸಿರು ತಗೊಳ್ಳಿ ಭಾವ," ಎಂದ, ಅವನಿಗಷ್ಟೇ ಕೇಳುವಂತೆ. "ಅವತ್ತು ನಾನು ಇಲ್ಲೇ ತಗೊಂಡಿದ್ದೆ."