ನುಣ್ಣನೆಯ ಪುಡಿ

ಗಂಗಾದೇವಿ ಬೈಕಿನ ಕೀ ಕಿತ್ತುಕೊಂಡು ಸೆರಗಿನ ತುದಿಗೆ ಗಂಟು ಹಾಕಿಬಿಟ್ಟಳು.

"ಇವತ್ತು ನೀನು ಹೋಗಂಗಿಲ್ಲ, ಮಾವ."

ಮುನೀಶ್ ಹೊಸ್ತಿಲಲ್ಲೇ ನಿಂತ. ಅವಳು ಕಟ್ಟಿಕೊಂಡಿದ್ದು ಸೋದರಮಾವನನ್ನೇ. ಮದುವೆಯಾದ ಮೇಲೂ ಮಾವ ಎಂದೇ ಕರೆಯುತ್ತಿದ್ದಳು. ಹೀಗೆ ಎದುರು ನಿಂತವಳಲ್ಲ.

"ಕೀ ಕೊಡೇ. ಶಿಫ್ಟಿಗೆ ಟೈಮಾಯ್ತದೆ."

"ಪಾಪಯ್ಯಣ್ಣನ್ನ ನೋಡ್ಕೊಂಬಂದೆ. ಮಂಚದಿಂದ ಬಾಗ್ಲಿಗೆ ಬರಕ್ಕೂ ಉಸ್ರಿಲ್ಲ. ಈಗ ನೀನು ನಿಲ್ಲೋ ಜಾಗದಾಗೇ ಅಲ್ವಾ ಅವನು ಮೂಟೆ ತುಂಬ್ತಿದ್ದಿದ್ದು?"

ಮುನೀಶ್ ಕೆಲಸಕ್ಕೆ ಹೋಗುವ ಯೂನಿಟ್ ಇದ್ದಿದ್ದು ಸೂಳಗಿರಿಯ ಹತ್ತಿರ. ಕಬ್ಬಿಣದ ತುಕ್ಕನ್ನು ಕಣ್ಣಿಗೂ ಸಿಗದಷ್ಟು ನುಣ್ಣಗೆ ಪುಡಿ ಮಾಡಿ ಬಣ್ಣದ ಕಂಪನಿಗಳಿಗೆ ಕಳಿಸುತ್ತಿದ್ದರು. ಸಂಜೆ ಮುನೀಶ್ ಬಂದನೆಂದರೆ ಅಂಗಿ, ಪ್ಯಾಂಟು ಎಲ್ಲ ಇಟ್ಟಿಗೆ ಬಣ್ಣ. ಧೂಳು ಅಡುಗೆಗೆ ಹಾರದಿರಲೆಂದು ಗಂಗಾದೇವಿ ಬಚ್ಚಲ ಬಾಗಿಲು ಹಾಕಿಕೊಂಡು ಬಟ್ಟೆಯನ್ನು ಚೆನ್ನಾಗಿ ಕೊಡವಿ, ಆಮೇಲೆ ನೀರಿಗೆ ಅದ್ದುತ್ತಿದ್ದಳು. ಕೊಡವುವಾಗಲೆಲ್ಲ ಒಂದೇ ಯೋಚನೆ. ಬಟ್ಟೆಗೇ ಇಷ್ಟು ಹತ್ತಿದ್ದರೆ ಮಾವನ ಎದೆಯೊಳಗೆ ಎಷ್ಟು ಹೋಗಿರಬೇಡ?

"ಪಾಪಯ್ಯ ಬಾಯಿಗೆ ಟವಲ್ ಕಟ್ಕೊಂಡು ಮಾಡ್ದ ಕಣೇ. ನಾನು ಸೇರೋ ಹೊತ್ಗೆ ಮಾಸ್ಕ್ ಬಂದವೆ. ಪುಡಿ ಒಳಗೆ ನುಗ್ಗಲ್ಲ."

"ಹಂಗಾದ್ರೆ ಪರೀಕ್ಷೆಗೆ ಬಾ. ರಕ್ತದಾಗೆ ಕೆಟ್ಟದ್ದು ಕಂಡ್ರೆ ಕೆಲ್ಸ ಬಿಡ್ಬೇಕು. ಕಾಣ್ದಿದ್ರೆ ನಾನು ಬಾಯೇ ತೆಗೆಯಲ್ಲ. ನಿನ್ ಕಾಲು ಹಿಡ್ಕೊಂತೀನಿ."

ಹಿಡಿದುಕೊಂಡೇಬಿಟ್ಟಳು.

ಪರೀಕ್ಷೆ ಮಾಡುವವಳು ಲಕ್ಷ್ಮೀಪ್ರಿಯಾ. ಗಂಗಾದೇವಿ ಮನೆಗೆಲಸಕ್ಕೆ ಹೋಗುವ ಅವಲಪಲ್ಲಿಯ ಮನೆಯ ಮಗಳು. ಕಾಲೇಜೊಂದರಲ್ಲಿ ಇಂಥ ಪುಡಿಗಳ ಮೇಲೆಯೇ ಸಂಶೋಧನೆ ಮಾಡುತ್ತಿದ್ದಳು. ಲ್ಯಾಬಿನ ಮೆಟ್ಟಿಲು ಹತ್ತುವಾಗ ಗಂಗಾದೇವಿ ಗೋಡೆ ಹಿಡಿದು ನಿಂತಳು.

ಮುನೀಶ್ ನಕ್ಕ. "ಕಾಯ್ಲೆ ನಂಗಂತೆ, ದಮ್ಮು ಕಟ್ತಿರೋದು ನಿಂಗೆ."

"ನಿನ್ ಚಿಂತೇಲೇ ಹಿಂಗಾಗಿರೋದು. ನಡಿ."

ಲಕ್ಷ್ಮೀಪ್ರಿಯಾ ಬಿಡಿಸಿ ಹೇಳಿದಳು. "ಈ ಕಣ ಎಷ್ಟು ಸಣ್ಣದು ಅಂದ್ರೆ ನಮ್ಮ ಜೀವಕೋಶದ ಒಳಗೇ ಹೋಗಿ ಕೂತ್ಕೋಬಹುದು. ಅಲ್ಲಿ ಆಮ್ಲಜನಕವನ್ನ ಕೆರಳಿಸುತ್ತೆ. ಆ ಉರಿಗೆ ಡಿಎನ್‌ಎ ಎಳೆಗಳು ತುಂಡಾಗ್ತವೆ. ತುಂಡಾಗಿದೆಯಾ ಅಂತ ನೋಡೋಣ."

ಮುನೀಶನ ರಕ್ತ ತೆಗೆದಳು. "ಹೋಲಿಸಿ ನೋಡೋಕೆ ಇನ್ನೊಬ್ಬರದು ಬೇಕು. ಅದೇ ಮನೆ ನೀರು, ಅದೇ ಊಟ, ಆದ್ರೆ ಯೂನಿಟ್ಟಿಗೆ ಕಾಲಿಡದವರು."

ಮಾತು ಮುಗಿಯುವ ಮೊದಲೇ ಗಂಗಾದೇವಿ ತೋಳು ಚಾಚಿದ್ದಳು. ಅವಳಿಗೆ ಬೇಗ ಮುಗಿದರೆ ಸಾಕಾಗಿತ್ತು.

ಫಲಿತಾಂಶಕ್ಕೆ ಕರೆ ಬಂದ ದಿನ ಅವಳು ಬೆಳಗಿನಿಂದ ಏನೂ ತಿನ್ನಲಿಲ್ಲ. ಲಕ್ಷ್ಮೀಪ್ರಿಯಾ ಕಂಪ್ಯೂಟರಿನಲ್ಲಿ ಎರಡು ಚಿತ್ರ ತೆರೆದಳು. ಒಂದರಲ್ಲಿ ದುಂಡನೆಯ, ಬೆಳಗುವ ಚುಕ್ಕೆಗಳು. ಇನ್ನೊಂದರಲ್ಲಿ ಹೆಚ್ಚುಕಡಿಮೆ ಪ್ರತಿ ಚುಕ್ಕೆಗೂ ಹಿಂದೆ ಉದ್ದನೆಯ, ಮಸುಕಾದ ಬಾಲ.

"ಒಂದೊಂದು ಚುಕ್ಕೆನೂ ಒಂದು ಜೀವಕೋಶ. ಎಳೆಗಳು ನೆಟ್ಟಗಿದ್ರೆ ಹೀಗೆ ದುಂಡಗಿರುತ್ತೆ. ಬಾಲ ಬಂದಿದೆ ಅಂದ್ರೆ ಡಿಎನ್‌ಎ ತುಂಡಾಗಿದೆ ಅಂತ."

ಗಂಗಾದೇವಿಯ ಬಾಯಿಂದ ಎಂಥದೋ ಸದ್ದು ಹೊರಟಿತು. ಯಾರಿದ್ದಾರೆ ಎಂಬ ಪರಿವೆಯಿಲ್ಲದೆ ಗಂಡನನ್ನು ತಬ್ಬಿಕೊಂಡಳು. ಅಲ್ಲಿಯವರೆಗೆ ನಗುನಗುತ್ತಿದ್ದ ಮುನೀಶನ ಮುಖ ಬಿಳಿಚಿಕೊಂಡಿತು.

"ಬಿಡ್ತೀನಿ ಕಣೇ," ಎಂದ. "ನಾಳೆಯಿಂದ ಆ ಕಡೆ ತಲೆ ಹಾಕಲ್ಲ. ಅಳ್ಬ್ಯಾಡ."

"ಮೊದ್ಲೇ ತಡೀಬೇಕಾಗಿತ್ತು ನಾನು. ನೋಡ್ಕೊಂಡು ಸುಮ್ನಿದ್ಬುಟ್ಟೆ." ಅವಳು ಲಕ್ಷ್ಮೀಪ್ರಿಯಾಳ ಕಡೆ ತಿರುಗಿದಳು. "ವಾಸಿ ಆಯ್ತದಾ ಪ್ರಿಯಮ್ಮ? ಎಲ್ಲಿಗ್ ಬೇಕಾದ್ರೂ ಕರ್ಕೊಂಡೋಗ್ತೀನಿ. ನನ್ ರಕ್ತನೇ ಬೇಕಾದ್ರೂ ಕೊಡ್ತೀನಿ."

ಲಕ್ಷ್ಮೀಪ್ರಿಯಾ ತನ್ನ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡಳು.

"ಅವರ ಬಟ್ಟೆ ಒಗೆಯೋದು ಯಾರಕ್ಕ?"

"ನಾನೇ. ಇನ್ಯಾರು? ಅದ್ಯಾಕೀಗ? ಮಾವ ಉಳ್ಕೊಂತಾನಾ, ಅದ್ ಹೇಳಮ್ಮ ಮೊದ್ಲು."

ಲಕ್ಷ್ಮೀಪ್ರಿಯಾ ಅವಳ ಎರಡೂ ಕೈಗಳನ್ನು ಹಿಡಿದುಕೊಂಡಳು.

"ದುಂಡಗಿರೋದು ಅವರದು, ಅಕ್ಕ. ಬಾಲ ಬಂದಿರೋದು ನಿಮ್ಮದಕ್ಕೆ."