ಮೂರನೆಯ ತೋಟಾ

ಮೂರನೆಯ ತೋಟಾದಲ್ಲಿ ಮದ್ದಿಲ್ಲ ಎಂಬುದು ಲೆಂಪಿಗೆ ಮಾತ್ರ ಗೊತ್ತಿತ್ತು. ಹಿಂದಿನ ದಿನ ಅಡಿಗೆಮನೆಯ ಮೇಜಿನ ಮೇಲೆ ಅವಳೇ ಅದನ್ನು ಕಟ್ಟಿದ್ದಳು. ಹಿತ್ತಾಳೆಯ ಕೊಳವೆ, ತುದಿಗೆ ಗುಂಡು, ಒಳಗೆ ಏನೂ ಇಲ್ಲ. ಉಳಿದ ನಾಲ್ಕರ ಜೊತೆ ಅಂಗೈಯಲ್ಲಿಟ್ಟರೆ ನೋಡಿದವರಿಗೆ ವ್ಯತ್ಯಾಸ ತಿಳಿಯುವಂತಿರಲಿಲ್ಲ.

ಜಿಂಕೆ ಬೇಟೆ ಶುರುವಾಗಲು ನಾಲ್ಕೇ ದಿನ ಇತ್ತು. ಸುಪೀರಿಯರ್ ಸರೋವರದ ಕಡೆಯಿಂದ ಬೀಸುವ ಗಾಳಿಗೆ ಜಲ್ಲಿ ಹೊಂಡದ ಆಚೆ ತುದಿಯಲ್ಲಿ ಗುರಿಯ ಕಾಗದ ಪಟಪಟ ಅನ್ನುತ್ತಿತ್ತು. ಅವಳ ಗಂಡ ಐನಾರ್ ತನ್ನ ಹಳೆಯ ಬಂದೂಕನ್ನು ಮರಳಿನ ಚೀಲದ ಮೇಲಿಟ್ಟು ಕುಳಿತಿದ್ದ. ಪಕ್ಕದಲ್ಲಿ ಬಂದೂಕಿನ ಅಂಗಡಿಯ ರುಡಿ, ಹೊಸ ಮ್ಯಾಗ್ನಮ್ ಬಂದೂಕನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದ.

"ಆ ತೋಟಾ ಬಿಸಾಕು ಮಾರಾಯ. ಇದರದ್ದು ನೋಡು, ಬೆರಳುದ್ದ ಇದೆ. ಜಿಂಕೆಗೆ ತಾಗ್ಲೇಬೇಕು ಅಂತಿಲ್ಲ, ಪಕ್ಕದಲ್ಲಿ ಹಾದುಹೋದ್ರೂ ಹೆದರಿ ಸಾಯುತ್ತೆ," ಅಂದ ರುಡಿ.

"ಮೊದ್ಲು ಇವಳು ಕಟ್ಟಿದ್ದು ಹೊಡೆದು ಮುಗಿಸ್ತೀನಿ. ಇಲ್ಲಾಂದ್ರೆ ಮನೇಲಿ ಊಟ ಇಲ್ಲ," ಅಂದ ಐನಾರ್.

"ಊಟ ಇರುತ್ತೆ. ಉಪ್ಪಿರಲ್ಲ," ಅಂದಳು ಲೆಂಪಿ.

ಹೋದ ವರ್ಷ ಹೊಟ್ಟೆಗೆ ಗುಂಡು ತಾಗಿದ ಗಂಡು ಜಿಂಕೆಯೊಂದು ಜೌಗಿನೊಳಗೆ ನುಗ್ಗಿ ಮರೆಯಾಗಿತ್ತು. ಐನಾರ್ ಎರಡು ದಿನ ರಕ್ತದ ಹನಿ ಹಿಡಿದು ಹುಡುಕಿದ. ಮೂರನೆಯ ದಿನ ಹಿಮ ಬಿದ್ದು ಗುರುತೆಲ್ಲ ಮುಚ್ಚಿಹೋಯಿತು. ಬೂಟು ಬಿಚ್ಚುತ್ತ, "ತೋಟಾ ಕೈಕೊಡ್ತು. ಇನ್ನೊಂದು ಪ್ರಾಣಿಗೆ ಹೀಗಾದ್ರೆ ನಾನು ಬೇಟೆ ಬಿಟ್ಟೆ" ಅಂದಿದ್ದ. ಇಪ್ಪತ್ತೆಂಟು ವರ್ಷಗಳಿಂದ ಅವನ ತೋಟಾಗಳನ್ನು ಕಟ್ಟುತ್ತಿದ್ದವಳು ಲೆಂಪಿ, ಮದ್ದನ್ನು ಔಷಧಿಯಂತೆ ತೂಗಿ. ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು.

ಮೊದಲ ಗುಂಡು ಗುರಿಯಿಂದ ಒಂದು ಗೇಣು ಕೆಳಗೆ ಬಿತ್ತು. ಎರಡನೆಯದು ಇನ್ನೂ ಕೆಳಗೆ. "ನಾನು ಹೇಳ್ಲಿಲ್ವಾ?" ಅಂದ ರುಡಿ. ಲೆಂಪಿ ಮೂರನೆಯದನ್ನು ಗಂಡನ ಕೈಗಿತ್ತಳು. ಈ ಸಲ ಅವಳು ಗುರಿಯ ಕಡೆ ನೋಡಲೇ ಇಲ್ಲ. ಬಂದೂಕಿನ ನಳಿಗೆಯ ತುದಿಯನ್ನೇ ನೋಡುತ್ತಿದ್ದಳು.

ಟಿಕ್.

ಬಂದೂಕು ಸಿಡಿಯಲಿಲ್ಲ, ಭುಜಕ್ಕೆ ಒದೆಯಲಿಲ್ಲ. ಆದರೂ ನಳಿಗೆ ಗಕ್ಕನೆ ಕೆಳಗೆ ಬಾಗಿತು. ಐನಾರ್‌ನ ಬಲಭುಜ ಹಾವು ತುಳಿದವನಂತೆ ಹಿಂದಕ್ಕೆ ಹಾರಿತು. ಕಣ್ಣೆರಡೂ ಬಿಗಿಯಾಗಿ ಮುಚ್ಚಿದ್ದವು.

"ತೆಗಿ. ಅದರಲ್ಲಿ ಮದ್ದಿಲ್ಲ," ಅಂದಳು ಲೆಂಪಿ. "ಭುಜ ಯಾವಾಗಿಂದ ನೋಯ್ತಿದೆ?"

"ಯಾವ ಭುಜ?"

"ಎಡಗೈಲಿ ಕಾಫಿ ಕುಡಿಯೋಕೆ ಶುರು ಮಾಡಿ ಎರಡು ವರ್ಷ ಆಯ್ತಲ್ಲ, ಆ ಭುಜ."

ಐನಾರ್ ತೋಟಾವನ್ನು ಹೊರಗೆಳೆದು ಬೆರಳುಗಳ ನಡುವೆ ಹೊರಳಿಸಿದ. "ಸೌದೆ ಒಡೆಯೋವಾಗ ಏನೋ ಕಿತ್ತ ಹಾಗಾಯ್ತು. ವಾಸಿಯಾಗುತ್ತೆ ಅಂದ್ಕೊಂಡೆ. ಈಗ ಬಂದೂಕು ಒದೆಯೋಕೆ ಮುಂಚೇನೇ ಭುಜ ಹೆದರುತ್ತೆ." ಆಮೇಲೆ ಮೆಲ್ಲಗೆ, "ಹಾಗಾದ್ರೆ ಹೋದ ವರ್ಷ ನಿನ್ನ ಮದ್ದು..."

"ಹೋದ ವರ್ಷದ ಪೆಟ್ಟಿಗೇಲಿ ಉಳಿದಿದ್ದ ಹದಿನಾರು ತೋಟಾನೂ ಬಿಚ್ಚಿ ತೂಗಿದ್ದೆ. ಒಂದು ಕಣ ಹೆಚ್ಚುಕಡಿಮೆ ಇರಲಿಲ್ಲ."

"ವರ್ಷವಿಡೀ ಗೊತ್ತಿತ್ತಾ? ಬಾಯಿ ಬಿಡ್ಲೇ ಇಲ್ವಲ್ಲೇ!"

"ನೀನು ಬಿಟ್ಟಿದ್ಯಾ?"

ರುಡಿ ಎದ್ದು ಮ್ಯಾಗ್ನಮ್ಮನ್ನು ಎತ್ತಿಕೊಂಡ. "ಇದನ್ನ ಹೊಡೆದ್ರೆ ಜಿಂಕೆಗಿಂತ ಮೊದ್ಲು ನೀನೇ ಬೀಳ್ತೀಯ" ಎಂದು ಗೊಣಗುತ್ತ ತನ್ನ ಟ್ರಕ್ಕಿನತ್ತ ಹೋದ. ಬರುವಾಗ ಅವನ ಕೈಯಲ್ಲಿ ಒಂದು ಪೆಟ್ಟಿಗೆ ತೋಟಾ, ಒಂದು ಚಿಕ್ಕ ಬಂದೂಕು ಇದ್ದವು. ಬಂದೂಕಿನ ಮರದ ಹಿಡಿಯ ಮೇಲೆ, ಕೆನ್ನೆ ತಾಗುವಲ್ಲಿ, ಕೆಂಪು ಅಳಿಲಿನ ಚಿತ್ರವೊಂದನ್ನು ಅಂಟಿಸಿದ್ದರು.

"ಮೊಮ್ಮಗಳದು. ಟೂ ಫಾರ್ಟಿ ತ್ರೀ ಅಳತೇದು. ಕಾಲೇಜಿಗೆ ಹೋದ್ಮೇಲೆ ಅವಳು ಮುಟ್ಟಿಲ್ಲ. ಇದರ ತೋಟಾ ಸಣ್ಣದು, ಒದೆಯೋದು ಕಡಿಮೆ. ಸರಿಯಾದ ಜಾಗಕ್ಕೆ ತಾಗಿದ್ರೆ ಇದೇ ಸಾಕು, ಜಿಂಕೆ ಏನು ಅಳತೆ ಹಿಡಿದು ನೋಡುತ್ತಾ?"

"ಬೇಟೆ ಬಿಡಾರದಲ್ಲಿ ನೋಡಿದೋರು ಏನಂತಾರೋ?" ಐನಾರ್ ಅಳಿಲನ್ನು ಉಗುರಿನಿಂದ ಕೆರೆದ. ಅದು ಏಳಲಿಲ್ಲ.

"ನಗ್ತಾರೆ," ಅಂದಳು ಲೆಂಪಿ. "ನಕ್ಕು ಮುಗಿಸಿ ಮಾಂಸ ತಿನ್ನೋಕೆ ನಮ್ಮನೆಗೇ ಬರ್ತಾರೆ."

ಐನಾರ್ ಬಂದೂಕನ್ನು ಹೆಂಡತಿಯ ಕೈಗೆ ಕೊಟ್ಟ. "ನೀನೇ ತುಂಬು. ತುಂಬಿದ್ಯೋ ಇಲ್ವೋ ಹೇಳ್ಬೇಡ."

ಲೆಂಪಿ ಬೆನ್ನು ತಿರುಗಿಸಿ ಒಂದು ಸಲ ತೋಟಾ ಹಾಕಿದಳು, ಒಂದು ಸಲ ಏನೂ ಹಾಕದೆ ಬರಿದೇ ಮುಚ್ಚಿ ಕೊಟ್ಟಳು. ಮೊದಲ ಬರಿ ಹೊಡೆತಕ್ಕೆ ನಳಿಗೆ ಬಾಗಿತು. ಎರಡನೆಯದಕ್ಕೂ ಬಾಗಿತು, ಆದರೆ ಕಡಿಮೆ. ಸಿಡಿದ ಗುಂಡುಗಳು ಒಂದೊಂದಾಗಿ ಗುರಿಯತ್ತ ಹತ್ತಿಕೊಂಡು ಬಂದವು. ಹೊಂಡದ ಅಂಚಿಗೆ ಬಿಸಿಲು ಇಳಿಯುವ ಹೊತ್ತಿಗೆ ಅವಳು ಮತ್ತೊಮ್ಮೆ ಬರಿದೇ ಮುಚ್ಚಿ ಕೊಟ್ಟಳು. ಐನಾರ್ ನರೆತ ಗಡ್ಡದ ಕೆನ್ನೆಯನ್ನು ಹಿಡಿಗೆ ಒತ್ತಿದ. ಅಳಿಲಿನ ಬಾಲವಷ್ಟೇ ಗಡ್ಡದಿಂದ ಹೊರಗೆ ಕಾಣುತ್ತಿತ್ತು. ಲೆಂಪಿ ಅದನ್ನೇ ನೋಡುತ್ತಿದ್ದಳು.

ಟಿಕ್.

ಬಾಲ ಅಲುಗಾಡಲಿಲ್ಲ.