ಅಪ್ಪಟ ಚರ್ಮದ ಹೊದಿಕೆ

“ಅಕ್ಕ, ಜೇನು ಬಿಟ್ಟೆಯಲ್ಲ, ಜೇನುಹುಳ ಬಂದು ನಿನಗೆ ಥ್ಯಾಂಕ್ಸ್ ಹೇಳ್ತಾ?”

ರಟ್ಟು ಕತ್ತರಿಸುವವನು ಕೇಳಿದ. ಪುಸ್ತಕ ಕಟ್ಟುವ ಆ ಅಂಗಡಿಯಲ್ಲಿ ಇಪ್ಪತ್ತು ದಿನದಿಂದ ಮಧ್ಯಾಹ್ನದ ಊಟಕ್ಕೆ ನಂಚಿಕೊಳ್ಳಲು ಇದೇ ಮಾತು. ಹಾಳೆ ಹೊಲಿಯುವ ಅಕ್ಕ ಬರೀ ಮಾಂಸ, ಮೊಟ್ಟೆ ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹಾಲು, ಮೊಸರು, ಬೆಣ್ಣೆ, ಜೇನು ಎಲ್ಲವನ್ನೂ ಬಿಟ್ಟು ವೀಗನ್ ಆಗಿದ್ದಳು. ಒಂದು ತಿಂಗಳು ಇಬ್ಬರೂ ಹೀಗೇ ಇರೋಣ ಎಂದು ಪಂಥ ಹಾಕಿದವಳು ಕಾಲೇಜಿಗೆ ಹೋಗುವ ಮಗಳು. ಹನ್ನೊಂದನೇ ದಿನಕ್ಕೆ ಐಸ್‌ಕ್ರೀಮ್ ತಿಂದು ಕೈಕೊಟ್ಟವಳೂ ಅವಳೇ. ಅಕ್ಕ ಮಾತ್ರ ಹಟ ಹಿಡಿದಳು. ಬರಬರುತ್ತಾ ಆ ಹಟವೇ ನಂಬಿಕೆಯಾಗಿತ್ತು.

“ಸುಮ್ಮನೆ ಊಟ ಮಾಡೋ,” ಎಂದಳು.

ಹೊದಿಕೆಯ ಮೇಲೆ ಚಿನ್ನದ ಅಕ್ಷರ ಒತ್ತುವ ಮುದುಕ ಊಟ ಮುಗಿಸಿದ. ಡಬ್ಬಿ ಮುಚ್ಚಿಟ್ಟು, ಅವಳು ಬೆಳಿಗ್ಗೆ ಹೊದಿಸಿ ಮುಗಿಸಿದ ಪುಸ್ತಕದ ಮೇಲೆ ಕೈಯಾಡಿಸಿದ.

“ಅಲ್ಲಮ್ಮ, ಬಾಯಿಗೆ ಬೇಡವಾದದ್ದು ಕೈಗೆ ಆಗುತ್ತಾ? ಈ ಚರ್ಮ ಏನು ಮರದಲ್ಲಿ ಬಿಡುತ್ತಾ?”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಕ್ಕ ಅರ್ಧ ಊಟಕ್ಕೇ ಎದ್ದು ಕೈ ತೊಳೆದಳು.

ಅಂಗಡಿ ಹೆಸರಾಗಿದ್ದೇ ಅಪ್ಪಟ ಚರ್ಮದ ಹೊದಿಕೆಗೆ. ವಕೀಲರು, ಪ್ರೊಫೆಸರುಗಳು ದೂರದಿಂದ ಹುಡುಕಿಕೊಂಡು ಬರುತ್ತಿದ್ದರು. ಚರ್ಮವನ್ನು ಯಜಮಾನರೇ ತರುತ್ತಿದ್ದರು. ಒಳಕೋಣೆಯ ಬಾಗಿಲು ಹಾಕಿಕೊಂಡು ತಾವೇ ಅಳತೆಗೆ ಕತ್ತರಿಸಿ ಕೊಡುತ್ತಿದ್ದರು. ಅಂಥ ಸರಕು ಬೇರೆಲ್ಲೂ ಸಿಗದು ಎಂಬುದು ಕೆಲಸದವರ ಹೆಮ್ಮೆ. ಎಷ್ಟು ಮಳೆ ಹಿಡಿದರೂ ಅದಕ್ಕೆ ಬೂಷ್ಟು ಬರುತ್ತಿರಲಿಲ್ಲ. ಇಲಿ ಸಹ ಮೂಸಿ ನೋಡುತ್ತಿರಲಿಲ್ಲ, ಅಷ್ಟು ಶ್ರೇಷ್ಠ.

ಹದಿನೈದು ವರ್ಷ ಅವಳು ಹಾಳೆ ಹೊಲಿದು, ಆ ಹೊದಿಕೆಯನ್ನು ಮೂಲೆ ಮಡಿಚಿ ಅಂಟಿಸಿದ್ದಳು. ಆ ಕೆಲಸವೆಂದರೆ ಅವಳಿಗೆ ಪ್ರಾಣ. ಬೇರೆ ಕಸುಬು ಗೊತ್ತಿಲ್ಲ. ಆದರೆ ಮುದುಕ ಆಡಿದ್ದು ತಮಾಷೆಗಾದರೂ ಮಾತು ನಿಜವೇ. ಸಂಜೆಯವರೆಗೆ ಸೂಜಿ ಅವಳ ಬೆರಳಿಗೆ ಮೂರು ಸಲ ಚುಚ್ಚಿತು.

ಎಲ್ಲರೂ ಹೋದ ಮೇಲೆ ಯಜಮಾನರ ಮುಂದೆ ನಿಂತಳು.

“ಸರ್, ನಾಳೆಯಿಂದ ನಾನು ಬರಲ್ಲ.”

“ಯಾಕೆ? ಯಾರಾದ್ರೂ ಏನಾದ್ರೂ ಅಂದ್ರಾ?”

“ಅಂದಿದ್ದರಲ್ಲಿ ತಪ್ಪಿಲ್ಲ. ಚರ್ಮ ಮುಟ್ಟಿದ್ರೆ ಪ್ರಾಣಿ ಕಣ್ಮುಂದೆ ಬರುತ್ತೆ.”

“ಹಾಗಾದ್ರೆ ಹಾಳೆ ಮಾತ್ರ ಹೊಲಿ. ಹೊದಿಕೆ ಬೇರೆಯವರು ಅಂಟಿಸಲಿ.”

“ಕೊನೆಗೆ ಸುತ್ತೋದು ಅದನ್ನೇ ಅಲ್ವಾ ಸರ್?” ಅವಳ ಕಣ್ಣು ತುಂಬಿತ್ತು, ದನಿ ಗಟ್ಟಿಯಾಗಿತ್ತು. “ಯಾಕೆ ಬಿಟ್ಟೆ ಅಂತ ಗಿರಾಕಿಗಳಿಗೂ ಹೇಳ್ತೀನಿ. ಈ ಚರ್ಮ ಎಲ್ಲಿಂದ ಬರುತ್ತೆ ಅಂತ ಅವರೂ ಒಂದು ಸಲ ವಿಚಾರಿಸಲಿ.”

ಯಜಮಾನರ ಮುಖ ಬಿಳಿಚಿಕೊಂಡಿತು. ಇಷ್ಟು ಒಳ್ಳೆಯ ಮನುಷ್ಯನನ್ನು ನೋಯಿಸಿದೆನಲ್ಲ ಎಂದು ಅವಳಿಗೆ ಸಂಕಟವಾಯಿತು. ಅವರು ಎದ್ದು ಹೋಗಿ ಬಾಗಿಲಿನ ಚಿಲಕ ಹಾಕಿದರು. ಹತ್ತಿರ ಬಂದು ಎರಡೂ ಕೈ ಮುಗಿದರು.

“ತಾಯಿ, ವಿಚಾರಿಸೋದೊಂದು ಬೇಡ! ಹದಿನೈದು ವರ್ಷದಿಂದ ನೀನು ಹೊದಿಸಿದ್ದೆಲ್ಲ ರೆಕ್ಸಿನ್ನು. ಈ ಅಂಗಡೀಲಿ ಚರ್ಮ ಅಂತ ಇರೋದು ನನ್ನ ಕಾಲಲ್ಲಿರೋ ಚಪ್ಪಲಿ ಮಾತ್ರ, ನಾಳೆಯಿಂದ ಅದನ್ನೂ ಹೊರಗೇ ಬಿಟ್ಟು ಬರ್ತೀನಿ.”